ಹಿಂದಿನ ಬಲಚಕ್ರ

ಮಿಕಾಮಿ ತೋಕುಜಿ ತನ್ನ ಕಾರನ್ನು ರಿಪೇರಿಗೆಂದು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ನಾನು ಅವನ ಪಕ್ಕದ ಮನೆಯವಳು, ಮನೆಯ ಮುಂದಿನ ಕೋಣೆಯಲ್ಲೇ ಕ್ಷೌರದಂಗಡಿ. ಮೂವತ್ತು ವರ್ಷದಿಂದ ಅವನ ತಲೆ ನನ್ನ ಕೈಯಲ್ಲಿದೆ, ಹಾಗಾಗಿ ಒಳಗಿನ ಹಟ ಎಷ್ಟು ಗಟ್ಟಿ ಅಂತ ನನಗೆ ಗೊತ್ತು. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುವ ಲಾರಿ ಓಡಿಸುವುದು ಅವನ ಕೆಲಸ. ಆ ಉಪ್ಪೇ ಜಪಾನಿನ ಉತ್ತರ ತುದಿಯ ನಮ್ಮ ತ್ಸುಗಾರು ಸೀಮೆಯ ಕಾರುಗಳ ಅಡಿಯನ್ನೆಲ್ಲ ತಿಂದುಹಾಕುತ್ತದೆ. ಚಳಿಗಾಲವೆಲ್ಲ ಉಪ್ಪು ಚೆಲ್ಲಿ, ಬೇಸಿಗೆಯೆಲ್ಲ ಕಾರಿನ ಕೆಳಗೆ ಅಂಗಾತ ಮಲಗಿ ತುಕ್ಕು ಕೆರೆಯುವ ಮನುಷ್ಯ ಅವನು.

ಮಾರ್ಚ್ ಕೊನೆಯಲ್ಲಿ ಅವನಿಗೆ ಒಂದು ಗಡುವು ಬಂತು. ಹೆಂಡತಿ ಕಿನುಯೊಳನ್ನು ಹಿರೊಸಾಕಿಯ ಆಸ್ಪತ್ರೆಯಲ್ಲಿ ಮರೆವಿನ ಡಾಕ್ಟರಿಗೆ ತೋರಿಸಬೇಕಿತ್ತು. ನಾಲ್ಕು ತಿಂಗಳು ಕಾದು ಸಿಕ್ಕ ದಿನ. ನಮ್ಮೂರಿಗೆ ಬಸ್ಸು ನಿಂತು ಮೂರು ವರ್ಷವಾಗಿದೆ. ಫೆಬ್ರವರಿಯಲ್ಲೊಮ್ಮೆ ಅವಳನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಓಡುವ ಕಾರಿನ ಬಾಗಿಲು ತೆಗೆದು ಇಳಿಯಲು ಹೋದಳು. ತಮ್ಮ ಹಳೆಯ ಕಾರಿನಲ್ಲಿ ಮಾತ್ರ ಸುಮ್ಮನೆ ಕೂರುತ್ತಾಳೆ. ಆ ಕಾರಿನ ಹಿಂದಿನ ಬ್ರೇಕು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರುಚುತ್ತಿತ್ತು.

ಎಡಗಡೆಯ ಡಿಸ್ಕನ್ನು, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಯನ್ನು, ಅವನು ಹೊರಡುವ ಎರಡು ದಿನ ಮುಂಚೆಯೇ ಸುತ್ತಿಗೆಯ ಹತ್ತು ಏಟಿಗೆ ಕಿತ್ತು ಹೊಸದು ಕೂರಿಸಿದ್ದ. ಬಲಗಡೆಯದು ಮಾತ್ರ ಬಾಕಿ, ಕೈಯಲ್ಲಿ ಇನ್ನೊಂದೇ ದಿನ. ಆ ದಿನ ಬೆಳಿಗ್ಗೆ ಹತ್ತಕ್ಕೆ ನಾನು ಚಹಾ, ಮೂಲಂಗಿ ಉಪ್ಪಿನಕಾಯಿ ಹಿಡಿದು ಅವನ ಶೆಡ್ಡಿಗೆ ಹೋದಾಗ ಕಾರು ಜಾಕಿನ ಮೇಲಿತ್ತು. ಚಕ್ರ ಬಿಚ್ಚಿತ್ತು, ಡಿಸ್ಕನ್ನು ಅಪ್ಪಿ ಹಿಡಿಯುವ ಬ್ರೇಕಿನ ಹಿಡಿಯೂ ಬಿಚ್ಚಿತ್ತು. ಕೆಂಪು ತುಕ್ಕು ಹಿಡಿದ ಡಿಸ್ಕು ಮಾತ್ರ ಅಲುಗದೆ ಕೂತಿತ್ತು. ಕಿನುಯೊ ಮೂಲೆಯ ಒಲೆಯ ಪಕ್ಕ ಕೂತು ಸೇಬು ಸುಲಿಯುತ್ತಿದ್ದಳು.

"ಇನ್ನೂ ಬಂದಿಲ್ವೇನೋ?"

"ಇಲ್ಲ ಅಕ್ಕ. ಬೆಸುಗೆ ಹಾಕ್ದಂಗೆ ಹಿಡ್ಕೊಂಡಿದೆ. ಒಂದು ಕೂದಲೆಳೆಯಷ್ಟೂ ತಿರುಗ್ತಿಲ್ಲ."

"ಉಪ್ಪು ಚೆಲ್ಲಿದ್ದು ಯಾರು? ನೀನೇ ತಾನೆ? ಅನುಭವಿಸು."

"ಚೆಲ್ಲದೇ ಇದ್ದಿದ್ರೆ ನೀನು ಅಂಗಡಿ ಮುಂದೇನೇ ಜಾರಿ ಬೀಳ್ತಿದ್ದೆ," ಎಂದು ಮತ್ತೆ ಸುತ್ತಿಗೆ ಎತ್ತಿದ.

ಮಧ್ಯಾಹ್ನದವರೆಗೂ ಆ ಸದ್ದು ನನ್ನ ಅಂಗಡಿಯೊಳಗೆ ಕೇಳುತ್ತಿತ್ತು. ಗಿರಾಕಿಯ ಕಿವಿ ಕತ್ತರಿಸದೇ ಇದ್ದದ್ದು ನನ್ನ ಪುಣ್ಯ. ಅವನು ತುಕ್ಕು ಬಿಡಿಸುವ ಎಣ್ಣೆ ಎರಡು ಡಬ್ಬಿ ಸುರಿದ. ಗ್ಯಾಸಿನ ಬೆಂಕಿ ಹಿಡಿದು ಕಾಯಿಸಿದ. ಡಿಸ್ಕಿನಲ್ಲಿರುವ ಎರಡು ತೂತಿಗೆ ಬೋಲ್ಟು ಹಾಕಿ ತಿರುಗಿಸಿದರೆ ಅದು ತಾನಾಗಿ ಈಚೆಗೆ ಬರಬೇಕು. ಬೋಲ್ಟುಗಳೇ ಒಂದಾದ ಮೇಲೊಂದು ಮುರಿದವು. ಊರಿನ ಗ್ಯಾರೇಜಿನ ಮುದುಕ ಬಾಗಿಲು ಹಾಕಿ ಮಗಳ ಮನೆ ಸೇರಿದ್ದ, ಕರೆಯೋಣವೆಂದರೆ ಯಾರೂ ಇರಲಿಲ್ಲ. ಮೂರು ಗಂಟೆಗೆ ನಾನು ಮತ್ತೆ ಹೋದಾಗ ತೋಕುಜಿ ನೆಲದ ಮೇಲೆ ಕೂತಿದ್ದ. ಎರಡು ಬೆರಳು ಜಜ್ಜಿ ರಕ್ತ ಬಂದಿತ್ತು.

"ಆಗಲ್ಲ ಅಕ್ಕ," ಎಂದ. "ನನ್ನ ಕೈಲಿ ಆಗಲ್ಲ."

ಅವನ ಬಾಯಲ್ಲಿ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕಿನುಯೊ ಚಳಿ ಎಂದಳು. ಅವಳ ಶಾಲು ಕಾರಿನ ಸೀಟಿನ ಮೇಲಿತ್ತು. ಬಾಗಿಲು ತೆಗೆದು ಬಗ್ಗಿದೆ.

"ತೋಕುಜಿ, ಈ ಹ್ಯಾಂಡ್‌ಬ್ರೇಕ್ ಯಾಕೋ ಮೇಲಿದೆ?"

ಅವನು ಎದ್ದು ಬಂದು ನೋಡಿದ.

ಆ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಅದು ಹಿಂದಿನ ಡಿಸ್ಕನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಬೇರೆ ಸೀಮೆಯ ಯಾವ ಎಳೆಯ ಮೆಕ್ಯಾನಿಕ್ಕಾದರೂ ಮೊದಲು ನೋಡುವುದು ಅದನ್ನೇ. ಆದರೆ ನಮ್ಮಲ್ಲಿ ಅದನ್ನು ಎಳೆಯುವವರೇ ಇಲ್ಲ. ಚಳಿಗೆ ಹೆಪ್ಪುಗಟ್ಟಿ ಹಿಡಿದುಕೊಂಡರೆ ಬೆಳಿಗ್ಗೆ ಕಾರು ಕದಲುವುದಿಲ್ಲ. ಎಳೆಯದೇ ಇರುವುದು ನಮಗೆ ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಸಹಜ. ಹಾಗಾಗಿ ಅಲ್ಲಿ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಹ್ಯಾಂಡ್‌ಬ್ರೇಕ್ ಇಳಿಸಿ ಹಿಂದಿನ ಚಕ್ರದ ಹತ್ತಿರ ಹೋದ. ಡಿಸ್ಕು ಕೈಗೆ ತಿರುಗಿತು, ಎರಡು ಏಟಿಗೆ ಕಳಚಿ ಬಂತು. ನನಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಪೆದ್ದ! ಬೆಳಗಿನಿಂದ ಕುಸ್ತಿ ಆಡಿದ್ದು ಇದಕ್ಕಾ?"

ಅವನು ನಗಲಿಲ್ಲ. "ನಾನು ಎಳೆದಿಲ್ಲ ಅಕ್ಕ," ಎಂದ. ಆಗ ನನ್ನ ನಗುವೂ ನಿಂತಿತು. ಆ ದಿನ ಬೆಳಿಗ್ಗೆ, ಕಾರು ಎತ್ತುವ ಮುಂಚೆ, ಸ್ಟೀರಿಂಗ್ ಹಿಂದೆ ಅರ್ಧ ಗಂಟೆ ಕೂತಿದ್ದವಳು ಕಿನುಯೊ; ಅಂಗಡಿ ಬಾಗಿಲು ತೆಗೆಯುವಾಗ ನಾನೇ ನೋಡಿದ್ದೆ.

ಅವಳು ದೂರದ ದಕ್ಷಿಣದ ನಾಗಸಾಕಿಯವಳು. ಅಲ್ಲಿ ಮನೆಗಳೆಲ್ಲ ಗುಡ್ಡದ ಮೇಲೆ, ಬೀದಿಗಳೆಲ್ಲ ಕಡಲಿಗೆ ಇಳಿಜಾರು. ನಗೋಯಾದ ಕಾರ್ಖಾನೆಯಲ್ಲಿ ಇಬ್ಬರೂ ಕೆಲಸಕ್ಕಿದ್ದಾಗ ಪರಿಚಯವಾಗಿ ಅವನ ಹಿಂದೆ ಇಲ್ಲಿಗೆ ಬಂದಳು. ಮೊದಲ ಚಳಿಗಾಲದಲ್ಲಿ ತವರಿನ ಅಭ್ಯಾಸದಂತೆ ಹ್ಯಾಂಡ್‌ಬ್ರೇಕ್ ಎಳೆದಿದ್ದಳು. ಬೆಳಿಗ್ಗೆ ತೋಕುಜಿ ಕೆಟಲಿನಲ್ಲಿ ಬಿಸಿನೀರು ತಂದು ಚಕ್ರಕ್ಕೆ ಹೊಯ್ದದ್ದು, ಇಬ್ಬರೂ ನಕ್ಕದ್ದು ಎಲ್ಲವನ್ನೂ ಅವಳೇ ನನಗೆ ಹೇಳಿದ್ದಳು. ಆಮೇಲೆ ಮೂವತ್ತೆಂಟು ವರ್ಷ ಅವಳು ಅದನ್ನು ಮುಟ್ಟಲಿಲ್ಲ.

"ಕಿನುಯೊ, ಬ್ರೇಕ್ ನೀನು ಎಳೆದ್ಯಾ?" ಅವನು ಮೆಲ್ಲಗೆ ಕೇಳಿದ.

"ಎಳೀದೆ ಇರೋಕಾಗತ್ತಾ ಮತ್ತೆ? ಇಷ್ಟು ಇಳಿಜಾರು. ಕಾರು ಹೋಗಿ ಕಡಲಿಗೆ ಬಿದ್ರೆ ಅಪ್ಪ ಬೈಯಲ್ವಾ?"

ಶೆಡ್ಡಿನ ಹೊರಗೆ ಕಣ್ಣು ಹಾಯುವಷ್ಟು ದೂರ ಸಮತಟ್ಟು ಗದ್ದೆ. ಅವಳು ಅವನ ಜಜ್ಜಿದ ಬೆರಳು ನೋಡಿದಳು. ಸುಲಿದ ಸೇಬಿನ ಒಂದು ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ತುಂಬ ಕಷ್ಟ ಕೊಟ್ವಿ ನಿಮಗೆ. ತಗೊಳ್ಳಿ. ಕಾರು ಎಷ್ಟೊತ್ತಿಗೆ ಸಿಗತ್ತೆ?"

ತೋಕುಜಿ ಸೇಬು ತೆಗೆದುಕೊಂಡ. "ಸಂಜೆಯೊಳಗೆ ಆಗತ್ತಮ್ಮ," ಎಂದ. ಆಮೇಲೆ ಹೊಸ ಡಿಸ್ಕು ಕೂರಿಸಿ, ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿ ನೋಡಿದ.

ಮರುದಿನ ಕಾರು ಸದ್ದಿಲ್ಲದೆ ಬಾಗಿಲಿಗೆ ಬಂತು. ಕಿನುಯೊ ಹತ್ತಲಿಲ್ಲ. ಗುರುತಿಲ್ಲದ ಗಂಡಸಿನ ಜೊತೆ ಒಬ್ಬಳೇ ಬರುವುದಿಲ್ಲ ಎಂದು ಹಟ ಹಿಡಿದಳು. ನಾನು ಅಂಗಡಿಗೆ ಬೀಗ ಹಾಕಿ ಅವಳ ಪಕ್ಕ ಹಿಂದಿನ ಸೀಟಿನಲ್ಲಿ ಕೂತೆ. ನನ್ನನ್ನು ತವರಿನ ತನ್ನ ಅಕ್ಕ ಅಂದುಕೊಂಡು ಕೈ ಹಿಡಿದಳು. ಊರಾಚೆಯ ಸೇಬಿನ ತೋಟಗಳನ್ನು ದಾಟಿದ ಮೇಲೆ ಅವಳಿಗೆ ಧೈರ್ಯ ಬಂತು.

"ನಿಮಗೆ ಮದುವೆ ಆಗಿದ್ಯಾ?" ಎಂದು ಮುಂದೆ ಬಗ್ಗಿ ಕೇಳಿದಳು.

"ಆಗಿದೆ."

"ಹೆಂಡತಿ ಚೆನ್ನಾಗಿದಾರಾ?"

ತೋಕುಜಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹುಷಾರಿಲ್ಲ. ಇವತ್ತು ಆಸ್ಪತ್ರೆಗೆ."

"ಅಯ್ಯೋ, ಹಾಗಾದ್ರೆ ನಮ್ಮನ್ನ ಇಲ್ಲೇ ಇಳಿಸಿಬಿಡಿ," ಎಂದಳು ಕಿನುಯೊ. "ನೀವು ಮೊದಲು ಅವರ ಹತ್ರ ಹೋಗಿ."