ತಾತನ ಕಾರಿಗೆ ಮೂಗಿರಲಿಲ್ಲ

ಮೊನ್ನೆ ಸುಣ್ಣ ಬಳಿಯಲು ಬಂದವನು ನಡುಮನೆಯ ಗೋಡೆಯಿಂದ ತಾತನನ್ನು ಕೆಳಗಿಳಿಸಿದ. ಅಂದರೆ ತಾತನ ಫೋಟೋವನ್ನು. ಅದರ ಹಿಂದಿದ್ದ ಎರಡು ಹಲ್ಲಿಗಳು ನನ್ನನ್ನೇ ಬೈದುಕೊಂಡು ಓಡಿದವು, ಹಳೇ ಮೈದಾ ಅಂಟಿನ ಮುಗ್ಗಲು ವಾಸನೆ ಮನೆ ತುಂಬಿತು. ಅವನು ಟವೆಲಿನಿಂದ ಗಾಜು ಒರೆಸಿ ಕೇಳಿದ: "ಸಾ, ಯಾವ್ ಕಾರು ಇದು?"

ಗೊತ್ತಿಲ್ಲಪ್ಪ ಅಂದೆ. ಹುಟ್ಟಿದಾಗಿನಿಂದ ಈ ಫೋಟೋದ ಕೆಳಗೇ ಉಂಡು ಮಲಗಿದವನು ನಾನು. ಮಹಾರಾಜರ ಕಾಲದಲ್ಲೇ ಮಾಗಡಿಯ ನಮ್ಮ ಮನೆ ಮುಂದೆ ಕಾರು ನಿಂತಿತ್ತು ಅಂತ ಮದುವೆ ಮಾತುಕತೆಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳುತ್ತ ಡಾಕ್ಟರ ಮುಂದೆಯೂ ಕೊಚ್ಚಿಕೊಂಡಿದ್ದೇನೆ. ಅದರ ಹೆಸರೇನು ಅಂತ ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ.

ಫೋಟೋದಲ್ಲಿ ತಾತ ಕರಿ ಕೋಟು ತೊಟ್ಟು, ಜರಿಪೇಟ ಸುತ್ತಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದಾನೆ. ಮುಖದ ಗತ್ತು ನೋಡಿದರೆ ಪಕ್ಕದಲ್ಲಿರುವುದು ಕಾರಲ್ಲ, ಅರಮನೆಯೇ ಅನ್ನಬೇಕು. ಹಿಂದಿನ ಚಕ್ರ, ಮಡಚುವ ಟಾಪು, ಬಾಗಿಲು, ಅಷ್ಟೇ. ಮುಂಭಾಗವನ್ನು ಫ್ರೇಮಿನ ಕರಿ ರಟ್ಟು ನುಂಗಿಕೊಂಡಿದೆ.

ಆದರೆ ನಿಮಗೆ ನಿಜ ಹೇಳಿಬಿಡುತ್ತೇನೆ. ಈ ಫೋಟೋ ನೋಡಿದಾಗ ನನಗೆ ಮೊದಲು ನೆನಪಾಗುವುದು ಅದರಲ್ಲಿ ಇಲ್ಲದ ನನ್ನಜ್ಜಿ. ನೆನಪಾಗುತ್ತಲೇ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಅಜ್ಜಿ ಮಾಗಡಿ ಪಕ್ಕದ ತಿಪ್ಪಸಂದ್ರದವಳು. ಮುದ್ದೆ ಕಟ್ಟುವಾಗ, ಹುರುಳಿ ಕೇರುವಾಗ, ನಮ್ಮ ತಲೆಗೆ ಹರಳೆಣ್ಣೆ ತಟ್ಟುವಾಗ ಆಕೆ ಹೇಳುತ್ತಿದ್ದುದು ಒಂದೇ ಕಥೆ. "ತಿಪ್ಪಸಂದ್ರದಿಂದ ಮಾಗಡಿಗಂಟ ಆ ಕಾರ ನಾನೇ ಓಡಿಸ್ಕಂಡ್ ಬಂದೆ ಕಣ್ಲಾ. ನಿಮ್ ತಾತ ಹಿಂದೆ ಕುಂತಿದ್ರು, ಗೊಂಬೆ ಹಂಗೆ." ಅದಕ್ಕೆ ತಾತ "ಹ್ಞೂಂ" ಅನ್ನುತ್ತಿರಲಿಲ್ಲ, "ಉಹ್ಞೂಂ" ಅಂತಲೂ ಅನ್ನುತ್ತಿರಲಿಲ್ಲ. ತನ್ನ ಪಾಡಿಗೆ ತಾನು "ನಮ್ ಕಾರು ಬಂದ್ರೆ ಗಾಳಿ ಬಂದಂಗೆ ಬರೋದು" ಅಂತ ಬೇರೆಯದೇ ಕಥೆ ಶುರು ಮಾಡುತ್ತಿದ್ದ. ನಮಗೆಲ್ಲ ಅಜ್ಜಿಯದು ಬರೀ ಬುರುಡೆ ಅಂತ ಖಾತ್ರಿ. ಸೈಕಲ್ಲು ಕಂಡರೂ ಪಕ್ಕಕ್ಕೆ ಸರಿದು ನಿಲ್ಲುವವಳು ಕಾರು ಓಡಿಸಿದಳಂತೆ!

ನಾನು ಬೆಂಗಳೂರಿನ ಕಾಲೇಜಿಗೆ ಸೇರಿ, ಮೊದಲ ರಜಕ್ಕೆ ಊರಿಗೆ ಬಂದಿದ್ದೆ. ಆಗ ನನಗೆ ತಿಳಿಯದ್ದು ಪ್ರಪಂಚದಲ್ಲಿ ಏನೂ ಇರಲಿಲ್ಲ. ಜಗುಲಿ ತುಂಬ ನೆಂಟರು. ಅಜ್ಜಿ ಎಲ್ಲರಿಗೂ ಮಜ್ಜಿಗೆ ಕೊಡುತ್ತ ಕಾರಿನ ಕಥೆ ತೆಗೆದಳು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೇಳಿದೆ:

"ಹಂಗಾದ್ರೆ ಹೇಳಜ್ಜಿ, ಕ್ಲಚ್ಚು ಯಾವ ಕಾಲಲ್ಲಿ ತುಳಿದೆ?"

ಕ್ಲಚ್ಚು ಅನ್ನುವುದನ್ನು ನಾನಾದರೂ ಕಂಡಿದ್ದು ಪುಸ್ತಕದ ಚಿತ್ರದಲ್ಲಿ. ಇವತ್ತಿಗೂ ನನಗೆ ಬರುವುದು ಮೊಪೆಡ್ ಒಂದೇ. ಆದರೆ ಜಗುಲಿಗೆ ಜಗುಲಿಯೇ ಬಿದ್ದು ಬಿದ್ದು ನಕ್ಕಿತು. ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ತಾತನ ಕಡೆ ನೋಡಿದಳು. ತಾತ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದ. ಸವರಿದ ಎಲೆಗೇ ಮತ್ತೆ ಸವರಿದ.

"ಏನೋಪ್ಪ, ಮರ್ತೋಯ್ತು," ಅಂದು ಅಜ್ಜಿ ಒಳಗೆ ಹೋದಳು.

ಅವತ್ತಿನಿಂದ ಆ ಕಥೆ ನಿಂತುಹೋಯಿತು. ಬಹಳ ವರ್ಷ ಬದುಕಿದಳು, ಒಮ್ಮೆಯೂ ಬಾಯಿ ಬಿಡಲಿಲ್ಲ. "ಒಸಿ ಹೇಳಜ್ಜಿ" ಅಂತ ಪೂಸಿ ಹೊಡೆದರೆ "ನಿಂಗೇ ಎಲ್ಲಾ ಗೊತ್ತಲ್ಲಪ್ಪ" ಅನ್ನುತ್ತಿದ್ದಳು. ತಪ್ಪಾಯ್ತು ಅನ್ನಬೇಕು ಅಂತ ಪ್ರತಿ ಸಲ ಊರಿಗೆ ಬಂದಾಗಲೂ ಅಂದುಕೊಳ್ಳುತ್ತಿದ್ದೆ. ಅನ್ನಲಿಲ್ಲ. ಆಮೇಲೆ ಅನ್ನುವುದಕ್ಕೆ ಆಕೆಯೇ ಇರಲಿಲ್ಲ.

ಇರಲಿ. ಸುಣ್ಣದವನ ಮುಂದೆ ಮಾನ ಹೋಗಿತ್ತಲ್ಲ, ಫೋಟೋವನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ಖಾದರ್ ಸಾಹೇಬರು ಅಂತ ನನ್ನ ಪರಿಚಯದವರಿದ್ದಾರೆ. ಐವತ್ತು ವರ್ಷ ಗ್ಯಾರೇಜು ನಡೆಸಿದವರು, ಹಳೇ ಕಾರು ಅಂದರೆ ಊಟ ಬಿಡುತ್ತಾರೆ. ಭೂತಗನ್ನಡಿ ಹಿಡಿದು ಫೋಟೋವನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಕಡ್ಡಿ ಚಕ್ರ ಐತೆ, ಟಾಪ್ ಐತೆ. ಆ ಕಾಲದಾಗೆ ಎಲ್ಲಾ ಗಾಡೀಗೂ ಇದೇ ಇತ್ತು. ಮೂಗು ಎಲ್ಲಿ ಸ್ವಾಮಿ? ಮುಂದ್ಗಡೆ ರೇಡಿಯೇಟರ್ ನೋಡಿ ತಾನೆ ಹೆಸ್ರು ಹೇಳೋದು? ಹೆಣ್ಣಿನ ಬೆನ್ನು ತೋರ್ಸಿ ಒಪ್ಗೆನಾ ಅಂತ ಕೇಳ್ದಂಗಾಯ್ತು ನಿಮ್ದು."

ಆಮೇಲೆ ಅಂಚಿನ ಮೇಲೆ ಹೆಬ್ಬೆರಳಾಡಿಸಿ ಹುಬ್ಬು ಗಂಟಿಕ್ಕಿದರು. "ರಟ್ಟಿನ ಕೆಳಗೆ ಇನ್ನೂ ಐತೆ ಫೋಟೋ. ಯಾರೋ ಬೇಕಂತ್ಲೇ ಮುಚ್ಚವ್ರೆ."

ಮೊಳೆ ಕಿತ್ತರು. ರಟ್ಟು ಎತ್ತಿದರು.

ಮುಂದಿನ ಚಕ್ರ ಬಂತು. ಅದರ ಮುಂದೆ ಹಗ್ಗದಲ್ಲಿ ಬಿಗಿದ ಉದ್ದನೆಯ ಮರದ ಈಚು. ಈಚಿನ ತುದಿಗೆ ನೊಗ. ನೊಗದಲ್ಲಿ ಕೊಂಬು ಹಿಂದಕ್ಕೆ ಬಾಗಿದ ಎರಡು ಎತ್ತು. ಕಾರಿನ ಎರಡು ದೀಪಗಳ ನಡುವೆ ಒಂದು ಹಲಗೆ ಕಟ್ಟಿ, ಅದರ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಹಗ್ಗ ಹಿಡಿದು ಒಬ್ಬಳು ಹುಡುಗಿ ಕೂತಿದ್ದಳು. ಮೂಗುತಿ ನೋಡಿದ ತಕ್ಷಣ ಗುರುತು ಸಿಕ್ಕಿತು. ನನ್ನಜ್ಜಿ.

ಖಾದರ್ ಸಾಹೇಬರು ನಗಲು ಶುರು ಮಾಡಿದವರು ಟೈರಿನ ಮೇಲೆ ಕೂತೇಬಿಟ್ಟರು. "ಎರಡು ಎತ್ತಿನ ಪವರ್ ಗಾಡಿ ಸ್ವಾಮಿ!" ನನಗೆ ಮಾತ್ರ ನಗು ಬರಲಿಲ್ಲ.

ಅಲ್ಲಿಂದಲೇ ತಿಪ್ಪಸಂದ್ರಕ್ಕೆ, ಅಜ್ಜಿಯ ತಮ್ಮನ ಮಗ ಗಂಗಾಧರಣ್ಣನಿಗೆ ಫೋನು ಹಚ್ಚಿದೆ.

"ಓ, ಅದಾ? ನಮ್ಮೂರಲ್ಲಿ ಎಲ್ಲಾರ್ಗೂ ಗೊತ್ತಲ್ಲಪ್ಪ," ಅಂದ ಅವನು, ನಾನೇನೋ ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಅಂತ ಕೇಳಿದೆನೇನೋ ಅನ್ನುವ ಹಾಗೆ. "ನಿಮ್ ತಾತ ಮಾವನ ಮನೇಗೆ ಕಾರ್ ತೋರ್ಸಕ್ ಬಂದ್ರು. ಬಂದದ್ದು ಇಲ್ಲೇ ನಿಂತ್ಬುಡ್ತು. ಡ್ರೈವರು ರಾಮನಗರಕ್ಕೆ ಹೋಗಿ ಸಾಮಾನ್ ತತ್ತೀನಿ ಅಂತ ಹೋದೋನು ಬರ್ಲೇ ಇಲ್ಲ. ನಮ್ಮೆತ್ತು ಕಟ್ಟಿದ್ರು. ಅವು ಕಾರ್ ಕಂಡು ಬೆದ್ರಿ ಯಾರ್ನೂ ಹತ್ರ ಸೇರಿಸ್ನಿಲ್ಲ. ಕರು ಇದ್ದಾಗಿಂದ ಸಾಕಿದ್ದು ಅತ್ತೆ ಅಲ್ವಾ, ಅವ್ಳ ಮಾತೊಂದೇ ಕೇಳವು. ಅದ್ಕೇ ಅವ್ಳೇ ಹೊಡ್ಕಂಡ್ ಹೋದ್ಲು."

"ಎತ್ತಿನ ವಿಷಯ ನಮಗ್ಯಾರಿಗೂ ಹೇಳಲೇ ಇಲ್ಲವಲ್ಲ ಮಾರಾಯ!"

"ನಿಮ್ ತಾತ ಆಣೆ ಹಾಕಿಸ್ಕಂಡಿದ್ರು. ಎತ್ತಿನ ಸುದ್ದಿ ಎತ್ತಬ್ಯಾಡ, ಮರ್ವಾದೆ ಹೋಯ್ತದೆ ಅಂತ. ಮಾಗಡೀಲಿ ಫೋಟೋದೋನ್ಗೂ ಕಾರಿನ್ ಹಿಂದ್ಗಡೆ ಮಾತ್ರ ತೆಗಿ ಅಂದಿದ್ರಂತೆ, ಅವ್ನು ಪೂರ್ತಿ ತೆಗ್ದ. ಅತ್ತೆ ಇಳಿದ್ರೆ ಎತ್ತು ನಿಲ್ಲವಲ್ಲ, ಅದ್ಕೆ ಅವ್ಳೂ ಫೋಟೋದಾಗೆ ಬಂದ್ಲು."

ಲೆಕ್ಕ ಈಗ ಸರಿಹೋಯಿತು. ಗಂಡನ ಪಾಲಿನ ಮಾತನ್ನು ಆಕೆ ನುಂಗಿಕೊಂಡಳು. ತನ್ನ ಪಾಲಿನದನ್ನು ಮಾತ್ರ ಹೇಳಿಕೊಂಡು ಬಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದನ್ನೂ ನಾನು ಒಂದು ಪ್ರಶ್ನೆ ಕೇಳಿ ಕಿತ್ತುಕೊಂಡೆ. ಎಂಥ ದಡ್ಡ ಶಿಖಾಮಣಿ ನೋಡಿ ನಾನು.

ರಟ್ಟನ್ನು ಖಾದರ್ ಸಾಹೇಬರ ಗ್ಯಾರೇಜಿನಲ್ಲೇ ಎಸೆದು, ಅಗಲವಾದ ಹೊಸ ಫ್ರೇಮು ಹಾಕಿಸಿಕೊಂಡು ಬಂದೆ. ಗೋಡೆ ಒಣಗಿತ್ತು. ಸುಣ್ಣದವನು ಮೊಳೆ ಹೊಡೆದು ಕೊಟ್ಟು, ದೂರ ನಿಂತು ನೋಡಿ, ಎತ್ತುಗಳನ್ನು ಮೊದಲು ಹೊಗಳಿದ. ಆಮೇಲೆ, "ಕಾರಿನ್ ಹೆಸ್ರು ಗೊತ್ತಾಯ್ತಾ ಸಾ?" ಅಂದ.

"ಇಲ್ಲಪ್ಪ. ಹೆಸರಿರೋ ಜಾಗದ ಮೇಲೆ ನಮ್ಮಜ್ಜಿ ಕೂತವ್ಳೆ."

ಅವನು ಬಕೆಟ್ ತೊಳೆಯಲು ಹಿತ್ತಲಿಗೆ ಹೋದ ಮೇಲೆ ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ. ಎಡಗಾಲು ಹಲಗೆಯ ಕೆಳಗೆ ಮಡಚಿದೆ. ಇನ್ನೊಂದು ಕಾಲು ಮುಂದಕ್ಕೆ ಚಾಚಿ, ಹೆಬ್ಬೆರಳು ಎತ್ತಿನ ತೊಡೆಗೆ ಒತ್ತಿದೆ. ಗಾಡಿ ಹೊಡೆಯುವವರು ಎತ್ತನ್ನು ಹತೋಟಿಯಲ್ಲಿಡುವುದು ಹಾಗೇ ಅಲ್ಲವೇ.

"ಬಲಗಾಲಲ್ಲಿ ಅಂತ ಒಂದ್ ಮಾತು ಹೇಳಬಾರ್ದಿತ್ತಾ ಅಜ್ಜಿ," ಅಂದೆ. ಅಷ್ಟು ಅನ್ನುವಷ್ಟರಲ್ಲಿ ಕನ್ನಡಕ ಒದ್ದೆಯಾಯಿತು.