ಹೊಗೆಗೆ ಕುಂಕುಮವಿಟ್ಟ ಹಬ್ಬ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕುಂಕುಮದಿಂದ ತಪ್ಪಿಸಿಕೊಂಡ ವಸ್ತುವೇ ಇಲ್ಲ. ಈಳಿಗೆ, ಮಿಕ್ಸಿ, ನಮ್ಮವರ ಸ್ಕೂಟರು, ಕಡೆಗೆ ಗ್ಯಾಸ್ ಲೈಟರಿಗೂ ಒಂದು ಚೆಂಡುಹೂವು ಸಿಕ್ಕಿಬಿಡುತ್ತದೆ. ಕರ್ನಾಟಕದಿಂದ ಕಾಶಿಗೆ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಪುರೋಹಿತರ ಮನೆ ನಮ್ಮದು. ಕಾಶಿಯ ಜಂಗಮವಾಡಿಯ ಗಲ್ಲಿಯಲ್ಲಿದ್ದರೂ ಹಬ್ಬವೆಂದರೆ ಊರಿನವರಿಗಿಂತ ಒಂದು ಕೈ ಹೆಚ್ಚು. ಹಾಗಾಗಿ ಈ ಸಲ ಹದಿನೇಳರ ಮಗಳು ಗೌರಿಯ ಮೇಜಿನ ಖಾನೆ ಒರೆಸುವಾಗ ನೇರಳೆ ಬಣ್ಣದ, ಬೆರಳುದ್ದದ ಮುದ್ದಾದ ಯಂತ್ರವೊಂದು ಕಂಡಾಗ, ಓದಿಗೆ ಸಂಬಂಧಿಸಿದ್ದೇ ಇರಬೇಕೆಂದು ಭಕ್ತಿಯಿಂದ ಗಂಧ ಕುಂಕುಮ ಹಚ್ಚಿ, ಮಲ್ಲಿಗೆ ಮುಡಿಸಿ, ಸರಸ್ವತಿಯ ಪಕ್ಕದಲ್ಲೇ ಕೂರಿಸಿಬಿಟ್ಟೆ.

ಆರತಿ ಎತ್ತಿದ ನಮ್ಮವರು ಮೂಗರಳಿಸಿದರು. "ಮಾವಿನಹಣ್ಣಿನ ವಾಸನೆ ಬರ್ತಿದೆಯಲ್ಲೇ, ಈ ಕಾಲದಲ್ಲಿ?"

ಗೌರಿಯ ಮುಖ ಬಿಳಿಚಿತು. "ಅಮ್ಮಾ, ಹಟಾವೋ ಉಸೇ... ತೆಗಿ ಅದನ್ನ! ವೇಪ್ ಅದು. ಹೊಗೆ ಎಳೆಯೋದು."

ಬೈಯಬೇಕಿತ್ತು, ನಿಜ. ಆದರೆ ಮಲ್ಲಿಗೆ ಮುಡಿದು ಮದುವಣಗಿತ್ತಿಯ ಗತ್ತಿನಲ್ಲಿ ಕುಳಿತಿದ್ದ ಆ ಹೊಗೆಕೊಳವೆಯನ್ನು ನೋಡಿ ನನಗೆ ನಗು ಒತ್ತರಿಸಿ ಬಂತು, ನಗುತ್ತಿರುವಾಗಲೇ ಭಯವೂ ಆಯಿತು. ಮಗಳು ಅಳುತ್ತ ಹೇಳಿದ್ದಿಷ್ಟು: ಕೋಚಿಂಗಿನ ಗೆಳತಿ ಕೊಟ್ಟದ್ದು, ಬಿಡೋಣವೆಂದರೆ ಬಿಡಲಾಗುತ್ತಿಲ್ಲ.

ಇದನ್ನು ಮಾರಲೇಬಾರದೆಂದು ದೇಶದಲ್ಲಿ ಕಾನೂನಿದೆ. ಆದರೂ ಗೋದೌಲಿಯಾ ಪೇಟೆಯ ಜಂಗುಳಿಯಲ್ಲಿ ಮೊಬೈಲು ಕವರುಗಳ ಮರೆಯಿಂದ ಸಲೀಸಾಗಿ ಸಿಗುತ್ತದಂತೆ, ಮಾವು, ಲಿಚಿ, ಬಬಲ್ ಗಮ್ ಪರಿಮಳಗಳಲ್ಲಿ. ನೀವೇ ಹೇಳಿ, ಬಬಲ್ ಗಮ್ ಪರಿಮಳ ಯಾವ ಅಜ್ಜನನ್ನು ಒಲಿಸುವುದಕ್ಕೆ? ಕಾಗದದ ಮೇಲಿನ ನಿಷೇಧವನ್ನು ಗಲ್ಲಿಗೆ ಕಳಿಸುವವರು ಬೇಕು. ಸಿಗರೇಟು, ಪಾನಿಗೆ ಹಾಕುವ ಜರ್ದಾ ತಂಬಾಕುಗಳ ತೆರಿಗೆ ಮಕ್ಕಳ ಕೈಗೆ ಎಟುಕದಷ್ಟು ಏರಬೇಕು. ಬಿಡಲು ಹೆಣಗುವ ಮಗುವನ್ನು ಬೈಯದೆ ಕೂರಿಸಿಕೊಂಡು ಕೇಳುವ ವೈದ್ಯರು ಶಾಲೆಗೇ ಬರಬೇಕು. ಅಲ್ಲಿಯವರೆಗೆ ಕಾಯುವ ತಾಳ್ಮೆಯಿಲ್ಲದೆ ನಾನು ಮನೆಯಲ್ಲೇ ಸರ್ಕಾರ ರಚಿಸಿದೆ. ನೇರಳೆ ಯಂತ್ರಕ್ಕೆ ಸಂಪೂರ್ಣ ನಿಷೇಧ!

"ಮತ್ತೆ ಅಪ್ಪನ ಜರ್ದಾ ಪಾನ್?" ಎಂದಳು ಗೌರಿ.

ನ್ಯಾಯವಾದ ಪ್ರಶ್ನೆ. ಅದಕ್ಕೆ ತೆರಿಗೆ ಬಿತ್ತು: ಒಂದು ಪಾನ್ ಹಾಕಿದರೆ ಒಂದು ಹೊತ್ತಿನ ಪಾತ್ರೆ ತೊಳೆಯಬೇಕು. ಮಂತ್ರ ಹೇಳುವ ಬಾಯಿ ಗೊಣಗಿತು, ನನ್ನ ಪಾತ್ರೆಗಳು ಫಳಫಳ ಹೊಳೆದವು, ಪಾನ್ ದಿನೇ ದಿನೇ ಕಡಿಮೆಯಾಯಿತು. ಇಷ್ಟು ಸುಖದ ಆಡಳಿತವನ್ನು ನಾನು ಕಂಡೇ ಇರಲಿಲ್ಲ. ಒಬ್ಬಳೇ ಇದ್ದಾಗ ಅಡುಗೆಮನೆಯಲ್ಲಿ ಕುಣಿದದ್ದೂ ಉಂಟು.

ಆದರೆ ನಿಷೇಧಕ್ಕೆ ಸಿಕ್ಕವಳ ಪಾಡೇ ಬೇರೆ. ಸಿಡುಕು, ತಲೆನೋವು, ನಿದ್ದೆಯಿಲ್ಲ. ಮೊನ್ನೆ ಸಂಜೆ ಕೋಚಿಂಗಿನಿಂದ ಬಂದವಳೇ ಅಡುಗೆಮನೆಯ ನೆಲದ ಮೇಲೆ ಕುಸಿದು ಕುಳಿತಳು.

"ಆ ಫ್ರೆಂಡ್ ಮತ್ತೆ ಕೊಡೋಕೆ ಬಂದಳಮ್ಮಾ. ಬೇಡ ಅಂದೆ. ಆದ್ರೆ ತುಂಬಾ ಬೇಕಿತ್ತು. ಈಗ್ಲೂ ಬೇಕು."

ಆ ಮಾತು ಕೇಳಿ ನನಗೆ ಆದ ಸಂತೋಷವನ್ನೂ ಸಂಕಟವನ್ನೂ ಬೇರೆ ಮಾಡಿ ಹೇಳಲಾರೆ. ಅಪ್ಪಿಕೊಂಡೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಮ್ಮವರು ಬಚ್ಚಲಿಗೆ ಹೋಗಿ ಬಾಯಲ್ಲಿದ್ದ ಪಾನ್ ಉಗಿದು, ಬಾಯಿ ಮುಕ್ಕಳಿಸಿ ಬಂದು, ಮಗಳ ಪಕ್ಕ ನೆಲದ ಮೇಲೆಯೇ ಕೂತರು.

"ನಂಗೂ ಬೇಕು ಕಣೇ" ಎಂದರು. "ನೀನು ಏಳೋವರೆಗೆ ನಾನೂ ಏಳಲ್ಲ."