ಎರಡು ಕಡೆ ಎಚ್ಚರವಿದ್ದ ಯಂತ್ರ

ಮನೆಗೇ ನರ್ಸನ್ನೂ ಆಕ್ಸಿಜನ್ ಸಿಲಿಂಡರನ್ನೂ ಕಳಿಸುವ ಬೆಳಗಾವಿಯ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ರೋಗಿಯ ಮನೆಯವರು ಫೋನ್ ಮಾಡಿದರೆ ಒಂದು ಯಂತ್ರ ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತದೆ. ನರ್ಸುಗಳು ಅದನ್ನು ಕೇಳಿ ತಿರುಗಿ ಫೋನ್ ಮಾಡುತ್ತಾರೆ. ಯಂತ್ರ ಅಂದೆನಾದರೂ ಅದಕ್ಕೆ ಸ್ವಂತ ಮೈಯಿಲ್ಲ. ದೊಡ್ಡ ಸರ್ವರಿನೊಳಗೆ ಬಾಡಿಗೆಗೆ ಇದ್ದ ಹಾಗೆ ಇರುವ ವರ್ಚುವಲ್ ಮಶೀನ್ ಅದು. ಅದರದೇ ಪಡಿಯಚ್ಚು, ರೆಪ್ಲಿಕಾ, ನಮ್ಮ ಖಾನಾಪುರದ ಶಾಖೆಯಲ್ಲಿ ಮಲಗಿರುತ್ತದೆ. ಇಲ್ಲಿನದನ್ನು ಆರಿಸಬೇಕಾದಾಗ ಅಲ್ಲಿನದನ್ನು ಎಬ್ಬಿಸುತ್ತೇವೆ. ಎರಡೂ ಒಟ್ಟಿಗೆ ಎಚ್ಚರ ಇರಬಾರದು. ಇದನ್ನು ನಾನು ಎಲ್ಲರಿಗೂ ಬಾಯಿ ನೋಯುವಷ್ಟು ಸಲ ಹೇಳಿದ್ದೆ.

ಆ ವಾರ ಬೆಳಗಾವಿಯ ಸರ್ವರಿಗೆ ಹೊಸ ಫ್ಯಾನು, ಮೆಮೊರಿ ಹಾಕುವುದಿತ್ತು. ಅದನ್ನು ಆರಿಸಿ, ಖಾನಾಪುರದ ಪ್ರತಿಯನ್ನು ಎಬ್ಬಿಸಿ, ನಾನು ಅಲ್ಲೇ ಹೋಗಿ ಕೂತೆ. ಪ್ರತಿ ಓಡುತ್ತಿರುವಾಗ ಬ್ಯಾಕಪ್ ಕೂಡ ಅದರದೇ ತೆಗೆಯಬೇಕು. ಆರಿದ ಮೂಲದ್ದನ್ನು ತೆಗೆದರೆ ನಿನ್ನೆಯ ಹಳಸಿದ ಅನ್ನವನ್ನೇ ಮತ್ತೆ ಡಬ್ಬಿಗೆ ತುಂಬಿದ ಹಾಗೆ. ನಾನು ಪ್ರತಿಯದನ್ನೇ ತೆಗೆದೆ. ಕೆಲಸ ಮುಗಿಯಿತು, ಬೆಳಗಾವಿಗೆ ಬಂದೆ. ಖಾನಾಪುರದಲ್ಲಿ ಸೇರಿದ್ದನ್ನೆಲ್ಲ ಮೂಲದ ಮೇಲೆ ಬರೆದು, ಮೂಲವನ್ನೇ ಮತ್ತೆ ಎಬ್ಬಿಸುವುದೊಂದು ಬಾಕಿ ಇತ್ತು.

ಅವತ್ತು ಬೆಳಿಗ್ಗೆ ಕಾಕತಿಯಿಂದ ಒಬ್ಬರು ಬಂದರು. ಅಲ್ಲಿ ಕಿರಾಣಿ ಅಂಗಡಿ ಅವರದು. ಹೆಂಡತಿಗೆ ಶ್ವಾಸದ ಕಾಯಿಲೆ, ನಾಲ್ಕು ದಿನದ ಹಿಂದೆ ಮಧ್ಯಾಹ್ನ ತೀರಿಕೊಂಡಿದ್ದಳು. ಕೆಳಗಿನ ಕೌಂಟರಿನವರು ಅವರಿಗೆ ಉತ್ತರ ಹೇಳಲಾಗದೆ ನನ್ನ ಹತ್ತಿರ ಕಳಿಸಿದ್ದರು.

"ಸಿಲಿಂಡರ್ ಮುಗ್ಯಾಕ ಬಂತು ಅಂತ ನಾ ಫೋನ್ ಮಾಡಿದ್ದೆ ರೀ," ಅಂದರು. "ತಿರುಗಿ ಫೋನ್ ಬರಲಿಲ್ಲ. ಫೋನ್ ಆಕಿ ಕೈಯಾಗ ಕೊಟ್ಟು, ಸಿಲಿಂಡರ್ ಒಯ್ಯಾಕ ನಾನ ಇಲ್ಲಿಗೆ ಬಂದೆ. ತಿರುಗಿ ಹೋಗೂದ್ರಾಗ ಮುಗದಿತ್ತು. ಆದ್ರ ಆಕಿ ನಡುವ ನಿಮ್ಮ ನಂಬರಿಗೆ ಫೋನ್ ಹಚ್ಯಾಳ. ಏನಂದ್ಲು ಅಂತ ಕೇಳಬೇಕ್ರಿ. ಅಷ್ಟ."

ಖಾನಾಪುರದ ಪ್ರತಿಯಲ್ಲಿ ಹುಡುಕಿದೆ. ಅದರ ಬ್ಯಾಕಪ್ಪಿನಲ್ಲೂ ಹುಡುಕಿದೆ. ಆ ಮಧ್ಯಾಹ್ನ ಕಾಕತಿಯಿಂದ ಯಾವ ಮಾತೂ ಇಲ್ಲ.

"ಏನೂ ಬಂದಿಲ್ರಿ."

ಅವರು ಫೋನ್ ತೆಗೆದು ತೋರಿಸಿದರು. ನಮ್ಮದೇ ನಂಬರು. ಅವರದೊಂದು ಕರೆ, ಆಮೇಲೆ ಅವಳದೊಂದು. ಕರೆ ನಡೆದ ಹೊತ್ತು ನೋಡಿದರೆ ಎರಡನ್ನೂ ಯಾರೋ ಎತ್ತಿದ್ದಾರೆ, ಕೊನೆಯತನಕ ಕೇಳಿದ್ದಾರೆ. ಖಾನಾಪುರದ್ದು ಎತ್ತಿಲ್ಲ, ಇಲ್ಲಿನದು ಆರಿದೆ. ಹಾಗಾದರೆ ಎತ್ತಿದ್ದು ಯಾರು?

ಸರ್ವರ್ ರೂಮಿಗೆ ಹೋದೆ. ಬಿಚ್ಚಿ ಜೋಡಿಸಿದ ಸರ್ವರಿನ ಹಣೆಗೆ ಕುಂಕುಮ, ಮೇಲೊಂದು ಸೇವಂತಿಗೆ. ರಿಪೇರಿ ಮಾಡಿದ ನಮ್ಮ ಎಂಜಿನಿಯರ್ ವಡಗಾವಿಯವರು, ಮಗ್ಗದ ಮನೆತನ. ಆ ಮಧ್ಯಾಹ್ನ ಇದನ್ನು ಚಾಲೂ ಮಾಡಿದ್ದಿರೇನು ಎಂದು ಅವರನ್ನು ಕೇಳಿದೆ.

"ಹೂಂ ತಂಗಿ, ಪೂಜಿ ಮಾಡಿದೆ. ಪೂಜಿ ಮಾಡಿದ ಮಶೀನ ಓಡಸದ ಬಿಡಬಾರದು. ನಮ್ಮ ಮನ್ಯಾಗ ಮಗ್ಗ ರಿಪೇರಿ ಆದ್ರೂ ಕಾಯಿ ಒಡದು ನಾಕು ಎಳಿ ನೇಯ್ದ ಬಂದ್ ಮಾಡೂದು. ಚಾಲೂ ಇಟ್ಟು ಊಟಕ್ಕ ಹೋದೆ, ಬಂದು ಬಂದ್ ಮಾಡಿದೆ. ಯಾಕ, ಏನಾತು?"

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿದೆ, ಬಾಗಿಲಲ್ಲಿ ಆ ಮನುಷ್ಯ ನಿಂತಿದ್ದರು. ಈ ಸರ್ವರ್ ತಾನೆದ್ದರೆ ಒಳಗಿನ ಬಾಡಿಗೆದಾರರನ್ನೂ ಎಬ್ಬಿಸುತ್ತದೆ. ಇವರು ಊಟ ಮುಗಿಸಿ ಬರುವತನಕ ಮೂಲವೂ ಎದ್ದು ಕೂತು, ಊರಿನ ಕರೆಗಳನ್ನು ತಾನೇ ಎತ್ತಿಕೊಂಡಿದೆ. ಇಲ್ಲಿ ಮಹಡಿಯ ಮೇಲಿನ ನರ್ಸುಗಳು ಖಾನಾಪುರದ ಪ್ರತಿಯನ್ನೇ ನೋಡುತ್ತ ಕೂತಿದ್ದಾರೆ. ಅವಳ ಮಾತು ಈ ಆರಿದ ಯಂತ್ರದಲ್ಲಿ ಮಾತ್ರ ಇತ್ತು. ಖಾನಾಪುರದ್ದನ್ನು ಇದರ ಮೇಲೆ ಬರೆದ ಕ್ಷಣಕ್ಕೆ ಅಳಿಸಿಹೋಗುತ್ತಿತ್ತು.

ಅಷ್ಟರಲ್ಲಿ ಸದಾಶಿವನಗರದ ಮನೆಯಿಂದ ನಮ್ಮ ಸಂಸ್ಥೆಯ ಸಾಹೇಬರ ಫೋನ್. "ಇನ್ನೂ ಯಾಕ ಮೂಲಕ್ಕ ಮರಳಿಸಿಲ್ಲ? ಶುರು ಮಾಡ್ರಿ."

"ಮೊದಲ ಆರಿದ್ದರ ಬ್ಯಾಕಪ್ ತಗೋತೀನ್ರಿ ಸರ."

"ಆರಿದ್ದರಾಗ ಏನೈತ್ರಿ ತಗೊಳ್ಳಾಕ?"

"ಒಬ್ಬಾಕಿ ಮಾತಾಡ್ಯಾಳ್ರಿ ಅದರಾಗ," ಅಂದೆ. ಫೋನಿಟ್ಟು, ಬಾಗಿಲಲ್ಲಿದ್ದವರನ್ನು ಒಳಗೆ ಕರೆದು ಕುರ್ಚಿ ಕೊಟ್ಟೆ.

ಬ್ಯಾಕಪ್ ತೆಗೆದು ಬೇರೊಂದು ಕಂಪ್ಯೂಟರಿಗೆ ಇಳಿಸಿದೆ. ಮತ್ತೆ ಯಾರ ಕರೆಯನ್ನೂ ಎತ್ತಬಾರದೆಂದು ಹೊರಗಿನ ಸಂಪರ್ಕವನ್ನೆಲ್ಲ ಕಿತ್ತು ಎಬ್ಬಿಸಿದೆ. ಪರದೆಯ ಮೇಲೆ "ಹೊಸ ಸಂದೇಶಗಳು, ಇನ್ನೂ ಯಾರೂ ಕೇಳಿಲ್ಲ" ಎಂದು ಬಂತು. ಅದಕ್ಕಿನ್ನೂ ಆ ಮಧ್ಯಾಹ್ನವೇ. ಅವಳು ಸತ್ತದ್ದು ಅದಕ್ಕೆ ಗೊತ್ತಿರಲಿಲ್ಲ.

"ಮೊದಲ ನಾ ಕೇಳ್ಲೇನ್ರಿ?" ಅಂತ ಕಾಕತಿಯವರನ್ನು ಕೇಳಿದೆ.

"ಬ್ಯಾಡ್ರಿ. ಹಚ್ರಿ."

ಮೊದಲು ಅವರದೇ ದನಿ, ವಿಳಾಸ ಹೇಳಿ, ಜಲ್ದಿ ಬರ್ರಿ ಎಂದದ್ದು. ಆಮೇಲೆ ಅವಳದು. ಸ್ವಲ್ಪ ಹೊತ್ತು ಬರೀ ಉಸಿರು. ಎಂಜಿನಿಯರ್ ಗೋಡೆ ಹಿಡಿದುಕೊಂಡು ನಿಂತರು.

"ನಮ್ಮ ಮನಿಯವರು ನಿಮ್ಮ ಕಡೇನ ಬರಾಕತ್ತಾರ್ರಿ. ಫೋನ್ ನನ್ನ ಕಡೆ ಬಿಟ್ಟಾರ. ಅಲ್ಲಿ ಬಂದ್ರ ಹೇಳ್ರಿ... ಸಿಲಿಂಡರ್ ಬ್ಯಾಡಂತ, ಮನಿಗಿ ಬರ್ರಿ ಅಂತ ಹೇಳ್ರಿ. ಒಬ್ಬಾಕಿಗಿ ಅಂಜಿಕಿ ಬರಾಕತ್ತೈತಿ."

ಅವಳು ಇದನ್ನು ಹೇಳುವಾಗ ಅವರು ಕೆಳಗೆ ಕೌಂಟರಿನಲ್ಲಿ ಸಿಲಿಂಡರಿಗೆ ಕಾಯುತ್ತ ನಿಂತಿದ್ದರು. ಮೇಲಿನಿಂದ ಒಬ್ಬರು ಕೂಗಿ ಹೇಳಿದ್ದರೆ ಕೇಳಿಸುತ್ತಿತ್ತು. ಅದು ಅವರಿಗೂ ಹೊಳೆಯಿತು, ಮುಖದಲ್ಲಿ ಕಂಡಿತು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

ಸ್ಪೀಕರಿನಲ್ಲಿ ಉಸಿರು ಇನ್ನೂ ಎಳೆಯುತ್ತಿತ್ತು. ಆಮೇಲೆ ನಮಗಲ್ಲ, ಯಾರಿಗೋ ಎಂಬಂತೆ, "ಎಲ್ಲಿ ಅದೀರಿ?" ಅಂದಳು.

"ಬಂದೆ, ಬಂದೆ ತಡಿ," ಅಂದರು ಅವರು. ಕುರ್ಚಿಯಿಂದೆದ್ದು, ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು, ಲಗುಬಗೆಯಿಂದ ಮೆಟ್ಟಿಲಿಳಿದು ಹೋದರು.